ತಂಗಿಯ ಕೈಗೆ ಕಟ್ಟಿದ ನನ್ನ ವಾಚು

ನನ್ನ ಎಡಗೈ ಮಣಿಕಟ್ಟಿನ ಮೇಲೆ ಒಂದು ಸಣ್ಣ ಬಿಸ್ಕತ್ತಿನಷ್ಟಗಲದ ಕಂದು ಕಲೆ ಇದೆ. ನೀವೆಲ್ಲ ರಜೆಗೆ ಬಂದಾಗ ಅದರ ಮೇಲೆ ಬೆರಳಿಟ್ಟು, ಇದೇನಜ್ಜಿ ಎಂದು ಕೇಳುತ್ತೀರಿ. ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ನಿಮ್ಮಲ್ಲೇ ಯಾರಾದರೂ ‘ಅಜ್ಜಿಗೆ ವಾಚು ಕಚ್ಚಿತು’ ಎಂದುಬಿಡುತ್ತೀರಿ. ಎಲ್ಲರೂ ನಗುತ್ತೀರಿ, ನಾನೂ ನಗುತ್ತೇನೆ, ಕಥೆ ಅಲ್ಲಿಗೇ ನಿಲ್ಲುತ್ತದೆ. ನಾಲ್ಕು ಜನರ ಎದುರು ಮಾತಾಡುವುದು ನನಗೆ ಮೊದಲಿನಿಂದಲೂ ಆಗದು. ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದೆ. ಪಾಠ ಓದು ಎಂದು ಮೇಷ್ಟ್ರು ಎಬ್ಬಿಸಿದರೆ ಮೊದಲ ಸಾಲೇ ದಾಟುತ್ತಿರಲಿಲ್ಲ. ಅದೇ ಪಾಠವನ್ನು ಸ್ಲೇಟಿನ ಮೇಲೆ ಬರೆ ಎಂದರೆ ತಪ್ಪಿಲ್ಲದೆ ಬರೆದು ತೋರಿಸುತ್ತಿದ್ದೆ. ಅದಕ್ಕೇ ಇದನ್ನೂ ಬರೆದು ಹೇಳುತ್ತಿದ್ದೇನೆ.

ಮೊದಲು ನನ್ನ ಶುಕ್ರವಾರದ ವಿಷಯ ಹೇಳಬೇಕು. ಅದು ತಿಳಿಯದಿದ್ದರೆ, ಒಂದು ವಾಚಿಗಾಗಿ ಅಜ್ಜಿ ಇಷ್ಟು ಉರಿಯನ್ನು ಯಾಕೆ ತಡೆದುಕೊಂಡಳು ಎಂಬುದು ನಿಮಗೆ ತಿಳಿಯುವುದಿಲ್ಲ.

ಕೆ.ಆರ್. ಪುರದಲ್ಲಿ ಈಗ ನಮ್ಮ ಮನೆ ಇರುವ ಜಾಗದಲ್ಲಿ ಮೊದಲು ಸೊಪ್ಪಿನ ಮಡಿಗಳಿದ್ದವು. ದಂಟು, ಕೊತ್ತಂಬರಿ, ಮೆಂತ್ಯ. ನಾನು ಮದುವೆಯಾಗಿ ಬಂದದ್ದು ಆ ಮಡಿಗಳ ನಡುವಿನ ಹೆಂಚಿನ ಮನೆಗೆ. ನನ್ನ ಒಬ್ಬಳೇ ತಂಗಿ, ನಿಮ್ಮ ಚಿಕ್ಕಜ್ಜಿ, ಮದುವೆಯಾಗಿ ಹೋದದ್ದು ಹಲಸೂರಿಗೆ, ಬಜಾರಿನ ಹಿಂದಿನ ಓಣಿಗೆ. ಎರಡು ಊರಿನ ನಡುವೆ ಎಷ್ಟು ಮಹಾ ದೂರ ಎನ್ನುತ್ತೀರಿ ನೀವು. ಆದರೆ ನಿಮ್ಮ ತಾತ ಇರುವವರೆಗೆ ನಾನು ಅಲ್ಲಿಗೆ ಹೋಗುತ್ತಿದ್ದದ್ದು ಹಬ್ಬಕ್ಕೊಮ್ಮೆ, ಅವರ ಹಿಂದೆಯೇ. ಅವರು ಕಾಫಿ ಕುಡಿದು ಲೋಟ ಕೆಳಗಿಟ್ಟರೆ ನಾನೂ ಏಳಬೇಕು. ಒಳ್ಳೆಯವರೇ, ಆದರೆ ಬೇರೆಯವರ ಮನೆಯಲ್ಲಿ ಕೂತರೆ ಅವರಿಗೆ ಕಾಲು ಜೋಮು ಹಿಡಿಯುತ್ತಿತ್ತು. ಅಡುಗೆಮನೆಯಲ್ಲಿ ನಾವಿಬ್ಬರೂ ಶುರು ಮಾಡಿದ ಮಾತು ಪ್ರತಿ ಸಲವೂ ಅರ್ಧಕ್ಕೇ ನಿಲ್ಲುತ್ತಿತ್ತು.

ಅವರು ತೀರಿಕೊಂಡ ಮೇಲೆ ನಾನು ಮನೆಯೊಳಗೇ ಉಳಿದುಬಿಟ್ಟೆ. ಆಗ ನಿಮ್ಮ ದೊಡ್ಡಕ್ಕ, ನನ್ನ ದೊಡ್ಡ ಮಗನ ಮಗಳು, ನನ್ನ ಕೈ ಹಿಡಿದು ಮೆಟ್ರೊ ಹತ್ತಿಸಿದಳು. ಕಾರ್ಡನ್ನು ಎಲ್ಲಿ ಮುಟ್ಟಿಸಬೇಕು, ಏರುವ ಮೆಟ್ಟಿಲಿನ ಮೇಲೆ ಕಾಲನ್ನು ಯಾವಾಗ ಇಡಬೇಕು, ಇಂದಿರಾನಗರ ಎಂದು ಹೇಳಿದ ಮೇಲೆ ಎದ್ದು ಬಾಗಿಲ ಹತ್ತಿರ ನಿಲ್ಲಬೇಕು, ಅದರ ಮುಂದಿನದೇ ಹಲಸೂರು, ಎಲ್ಲವನ್ನೂ ಕಲಿಸಿದಳು. ಕೆಲವು ವಾರ ಜೊತೆಗೆ ಬಂದಳು. ಒಂದು ಶುಕ್ರವಾರ, ‘ಇವತ್ತು ನೀನೊಬ್ಳೇ’ ಎಂದು ಗೇಟಿನಾಚೆಯೇ ನಿಂತಳು. ಒಳಗೆ ಹೋಗಿ ತಿರುಗಿ ನೋಡಿದರೆ ಎರಡೂ ಕೈ ಎತ್ತಿ ಬೀಸುತ್ತಿದ್ದಳು. ಕಿಟಕಿಯ ಹತ್ತಿರ ಕೂತು ಕೆಳಗೆ ಮನೆಗಳ ಮೇಲಿನ ನೀರಿನ ಟ್ಯಾಂಕುಗಳನ್ನೂ ಒಣಗಲು ಹಾಕಿದ ಬಟ್ಟೆಗಳನ್ನೂ ನೋಡುತ್ತ ಹೋದೆ. ಈ ವಯಸ್ಸಿನಲ್ಲಿ ಮೊದಲ ಬಾರಿಗೆ ಒಬ್ಬಳೇ ಎಲ್ಲಿಗೋ ಹೊರಟಿದ್ದೆ.

ಅಲ್ಲಿಂದ ಪ್ರತಿ ಶುಕ್ರವಾರ ನನ್ನದಾಯಿತು. ತಂಗಿ ಚಿತ್ರಾನ್ನ ಕಲಸಿಟ್ಟಿರುತ್ತಿದ್ದಳು. ಅವರೆಕಾಯಿ ಕಾಲದಲ್ಲಿ ಇಬ್ಬರೂ ಚಾಪೆಯ ಮೇಲೆ ಕೂತು ಅವರೆ ಹಿತುಕುತ್ತ, ಅಮ್ಮನಿಗೆ ನಮ್ಮಿಬ್ಬರಲ್ಲಿ ಯಾರ ಮೇಲೆ ಹೆಚ್ಚು ಆಸೆ ಇತ್ತು ಎಂಬ ಮುಗಿಯದ ಜಗಳ ಆಡುತ್ತಿದ್ದೆವು. ಸಂಜೆ ಸೋಮೇಶ್ವರನ ಗುಡಿಗೆ ಹೋಗಿ ಒಂದು ಸುತ್ತು ಹಾಕಿ, ಕಲ್ಲುಕಂಬದ ನೆರಳಿನಲ್ಲಿ ಕೂತು, ಕತ್ತಲಾಗುವ ಮೊದಲು ನಾನು ಮೆಟ್ರೊ ಹತ್ತುತ್ತಿದ್ದೆ.

ಹೀಗಿರುವಾಗ ಒಂದು ಮಂಗಳವಾರ ಕೆ.ಆರ್. ಪುರದ ಸಂತೆಯಲ್ಲಿ ಬಗ್ಗಿ ಬದನೆಕಾಯಿ ಆರಿಸುತ್ತಿದ್ದವಳು ತಲೆ ಸುತ್ತಿ ಅಲ್ಲೇ ಕೂತುಬಿಟ್ಟೆ. ಬೆಳಿಗ್ಗೆ ಏನೂ ತಿಂದಿರಲಿಲ್ಲ, ಬಿಸಿಲೂ ಇತ್ತು. ಅಷ್ಟೇ. ಆದರೆ ತರಕಾರಿಯವಳು ನನ್ನನ್ನು ಆಟೊದಲ್ಲಿ ಕೂರಿಸಿಕೊಂಡು ಮನೆ ಬಾಗಿಲಿಗೆ ಬಂದಿಳಿದದ್ದನ್ನು ಕಂಡು ನನ್ನ ದೊಡ್ಡ ಮಗನ ಮುಖ ಬಿಳಿಚಿಕೊಂಡಿತು.

‘ಇನ್ಮೇಲೆ ಒಬ್ಳೇ ಎಲ್ಲಿಗೂ ಹೋಗೋ ಹಾಗಿಲ್ಲಮ್ಮ. ಚಿಕ್ಕಮ್ಮನ ಮನೆಗೆ ನಾನೇ ಕಾರಲ್ಲಿ ಕರ್ಕೊಂಡ್ಹೋಗ್ತೀನಿ’ ಎಂದ.

ಪಾಪ, ಕರೆದುಕೊಂಡೂ ಹೋದ. ಅವರಪ್ಪನ ಹಾಗೆಯೇ ಕುರ್ಚಿಯ ತುದಿಯಲ್ಲಿ ಕೂತ. ಕಾಫಿ ಕುಡಿದು ಲೋಟ ಕೆಳಗಿಟ್ಟು, ‘ಆಯ್ತೇನಮ್ಮ?’ ಎಂದ. ತಂಗಿ ನನ್ನ ಮುಖ ನೋಡಿದಳು. ಬೆನ್ನು ತಿರುಗಿಸಿ ಸಿಂಕಿನಲ್ಲಿ ಲೋಟ ತೊಳೆಯುತ್ತ, ‘ಭಾವ ಎದ್ದು ಬಂದ್ರು ನೋಡು’ ಎಂದು ಪಿಸುಗುಟ್ಟಿದಳು. ನಗು ಬಂತು. ಕಾರಿನಲ್ಲಿ ಹಿಂದಿರುಗುವಾಗ ಅಳುವೂ ಬಂತು.

ನನ್ನ ಮಂಕು ಮುಖ ನೋಡಲಾರದೆ ನಿಮ್ಮ ದೊಡ್ಡಕ್ಕ ಆ ವಾಚು ತಂದಳು. ಕಪ್ಪು ರಬ್ಬರಿನ ಪಟ್ಟಿ, ಚೌಕದ ಗಾಜು, ಹಿಂಬದಿಯಲ್ಲಿ ಮಿಣಮಿಣ ಹಸಿರು ಬೆಳಕು.

‘ಇದು ನಿನ್ನ ಹಾರ್ಟ್ ಬೀಟ್ ನೋಡುತ್ತೆ ಅಜ್ಜಿ. ನಿನ್ ಫೋನಿಗೆ ಹೇಳುತ್ತೆ, ಅದು ನನ್ ಫೋನಿಗೆ ಹೇಳುತ್ತೆ. ನಾನು ಆಫೀಸಲ್ಲಿ ಕೂತೇ ನಿನ್ನ ನಾಡಿ ನೋಡ್ತೀನಿ.’

‘ನೀನೇನು ಡಾಕ್ಟ್ರೇನೆ?’

‘ಸುಮ್ನಿರು. ಅಪ್ಪನ್ನ ಒಪ್ಸಿದೀನಿ. ವಾಚು ಕೈಲಿದ್ರೆ ಶುಕ್ರವಾರ ಮೆಟ್ರೊ. ಇಲ್ಲಾಂದ್ರೆ ಕಾರು.’

ಅಷ್ಟು ಸಾಕಾಗಿತ್ತು ನನಗೆ. ಕೈ ಚಾಚಿದೆ.

ಆ ಕೈಯ ಬಗ್ಗೆಯೂ ಒಂದು ಮಾತು ಹೇಳಬೇಕು. ನಿಮ್ಮ ತಾತ ಹೋದ ಹನ್ನೊಂದನೆಯ ದಿನ ನಮ್ಮ ಪದ್ಧತಿಯಂತೆ ಗಾಜಿನ ಬಳೆ ತೆಗೆದರು. ಆಮೇಲೆ ನನ್ನ ಸೊಸೆ ಒಂದು ತೆಳುವಾದ ಚಿನ್ನದ ಬಳೆ ತಂದು, ಹಾಕ್ಕೊಳ್ಳಿ ಅತ್ತೆ, ಈಗ ಯಾರೂ ಹಾಗೆಲ್ಲ ನೋಡಲ್ಲ ಎಂದಳು. ನನಗೆ ಮನಸ್ಸು ಬರಲಿಲ್ಲ. ಪಾತ್ರೆ ತೊಳೆಯುವಾಗ ಸದ್ದೇ ಇಲ್ಲದ ಕೈಗಳಿಗೆ ಒಗ್ಗಿಕೊಂಡೆ. ಅಂಥ ಕೈಗೆ ಮೊಮ್ಮಗಳು ತಲೆ ಬಗ್ಗಿಸಿ, ನಾಲಗೆಯ ತುದಿ ಕಚ್ಚಿಕೊಂಡು ಏನನ್ನೋ ಕಟ್ಟುತ್ತಿದ್ದಳು. ನನ್ನ ಕಣ್ಣು ತುಂಬಿದ್ದು ಅವಳಿಗೆ ಕಾಣಲಿಲ್ಲ.

‘ಒಂದು ಬೆರಳು ತೂರೋಷ್ಟು ಸಡಿಲ ಇರ್ಲಿ. ಸ್ನಾನಕ್ಕೆ, ಮಲಗೋವಾಗ ಬಿಚ್ಚಿಡು’ ಎಂದಳು.

ಹೂಂ ಎಂದೆ. ಅವಳು ಆಚೆ ಹೋದ ಮೇಲೆ ಪಟ್ಟಿಯನ್ನು ಇನ್ನೊಂದು ತೂತಿಗೆ ಎಳೆದು ಬಿಗಿಮಾಡಿದೆ. ನಮ್ಮ ಕಾಲದಲ್ಲಿ ಬಳೆಗಾರ ಕೈ ಹಿಸುಕಿ, ಬೆರಳುಗಳನ್ನು ಮಡಚಿ, ಕಣ್ಣಲ್ಲಿ ನೀರು ಬರಿಸಿ ಬಳೆ ಏರಿಸುತ್ತಿದ್ದ. ಕೈಗೆ ಅಂಟಿ ಕೂತರೆ ಅದು ಬಳೆ. ಸಲೀಸಾಗಿ ಜಾರಿ ಮೊಣಕೈಗೆ ಹೋಗುವುದನ್ನು, ಅಕ್ಕನದ್ದನ್ನು ಸಾಲ ತಂದಿದ್ದಾಳೆ ಎಂದು ಆಡಿಕೊಳ್ಳುತ್ತಿದ್ದರು. ಬಿಚ್ಚುವ ಮಾತಂತೂ ನನ್ನ ತಲೆಗೆ ಹೋಗಲೇ ಇಲ್ಲ. ಮಗು ಅಕ್ಕರೆಯಿಂದ ಕಟ್ಟಿದ್ದನ್ನು ದಿನಕ್ಕೆರಡು ಸಲ ಬಿಚ್ಚಿ ಗೂಡಿನಲ್ಲಿ ಇಡುವುದೆಂದರೇನು? ನೀರು ಬಿದ್ದರೂ ಕೆಡುವುದಿಲ್ಲ ಎಂದು ಅವಳೇ ಹೇಳಿದ್ದಳಲ್ಲ. ಸ್ನಾನ ಮಾಡಿದೆ, ಬಟ್ಟೆಗೆ ಸೋಪು ಹಾಕಿ ಉಜ್ಜಿದೆ, ಪಾತ್ರೆ ತೊಳೆದೆ, ಹಾಗೇ ಮಲಗಿದೆ. ಚಾರ್ಜಿಗೆ ಹಾಕಲೇಬೇಕಾದಾಗ ಮಾತ್ರ ಬಿಚ್ಚಿ, ಅದು ತುಂಬುವವರೆಗೆ ಎದುರಿಗೇ ಕೂತು ಕಾಯುತ್ತಿದ್ದೆ.

ಮೊದಲು ತುರಿಕೆ ಶುರುವಾಯಿತು. ಸೆಖೆ ಎಂದುಕೊಂಡೆ. ಆಮೇಲೆ ಚಾರ್ಜಿಗೆಂದು ಬಿಚ್ಚಿದಾಗ ನೋಡಿದರೆ ಚರ್ಮದ ಮೇಲೆ ಅಚ್ಚು ಒತ್ತಿದ ಹಾಗೆ ಕೆಂಪು ಚೌಕ. ನಡುವೆ ನುಚ್ಚು ಚೆಲ್ಲಿದಂತೆ ಸಣ್ಣ ಸಣ್ಣ ಗುಳ್ಳೆ. ಕೊಬ್ಬರಿ ಎಣ್ಣೆಗೆ ಅರಿಸಿನ ಕಲಸಿ ಹಚ್ಚಿ, ಅದರ ಮೇಲೇ ವಾಚು ಬಿಗಿದೆ. ಎರಡು ದಿನದಲ್ಲಿ ಗುಳ್ಳೆ ಒಡೆದು, ಕಾದ ಕಾವಲಿಯ ಅಂಚು ತಾಗಿದಂತೆ ಉರಿಯತೊಡಗಿತು. ಹುಣಸೆಹಣ್ಣು ಕಿವುಚಿದರೆ ಉರಿ, ಸೋಪಿನ ನೀರು ಮುಟ್ಟಿದರೆ ಉರಿ, ಸೀರೆಯ ಅಂಚು ಸೋಕಿದರೂ ಉರಿ. ಸೆರಗನ್ನು ಕೈಯ ಮೇಲೆ ಇಳಿಬಿಟ್ಟುಕೊಂಡು ಓಡಾಡಿದೆ.

ಸೊಸೆ ಒಮ್ಮೆ ನೋಡಿಬಿಟ್ಟಳು. ‘ಏನತ್ತೆ ಕೈಗೆ ಅರಿಸಿನ?’

‘ಒಗ್ಗರಣೆ ಸಿಡೀತು ಕಣಮ್ಮ’ ಎಂದೆ.

ಹೇಳಿಬಿಡಬಹುದಿತ್ತು. ಆದರೆ ಹೇಳಿದರೆ ವಾಚು ಹೋಗುತ್ತದೆ, ವಾಚು ಹೋದರೆ ಶುಕ್ರವಾರ ಹೋಗುತ್ತದೆ. ಜೊತೆಗೆ, ನಾನು ತಂದ ವಾಚಿನಿಂದಲೇ ಹೀಗಾಯಿತು ಎಂದು ಆ ಹುಡುಗಿಯ ಮುಖ ಬಾಡುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ಹಳೆಯ ಸೀರೆಯ ತುಂಡೊಂದನ್ನು ಮಡಚಿ ಗಾಯದ ಮೇಲಿಟ್ಟು, ಅದರ ಮೇಲೆ ವಾಚು ಕಟ್ಟಿ ನೋಡಿದೆ. ತಂಪಾಯಿತು. ಸ್ವಲ್ಪ ಹೊತ್ತಿಗೆ ಫೋನು ಬಂತು.

‘ಅಜ್ಜಿ, ಎಲ್ಲಿದೀಯ? ನಿಂದು ಬೀಟೇ ಬರ್ತಿಲ್ಲ!’

‘ಇಲ್ಲೇ ಇದೀನಿ ಕಣೆ, ಹುರುಳಿಕಾಯಿ ಮುರೀತಿದೀನಿ.’

‘ಅಯ್ಯೋ ದೇವ್ರೆ. ವಾಚು ಸರಿಯಾಗಿ ಕಟ್ಕೋ. ನಾನಿಲ್ಲಿ ಮೀಟಿಂಗಿಂದ ಎದ್ದು ಬಂದಿದೀನಿ.’

ಬಟ್ಟೆಯನ್ನು ತೆಗೆದು ಹಾಕಿದೆ.

ಆ ಶುಕ್ರವಾರ ಹಲಸೂರಿನಲ್ಲಿ ಊಟಕ್ಕೆ ಕೂತಾಗ, ಉಪ್ಪಿನಕಾಯಿ ಬಡಿಸಲು ಬಂದ ತಂಗಿ ನನ್ನ ಸೆರಗು ಸರಿಸಿ ನೋಡಿದಳು. ಸೌಟು ಅವಳ ಕೈಯಲ್ಲೇ ನಿಂತಿತು.

‘ಏನೇ ಅಕ್ಕ ಇದು! ಬರೆ ಹಾಕಿದ್ಯಾರೆ ನಿಂಗೆ?’

ಅವಳು ಕೇಳಿದ ಮೇಲೆ ನಾನು ಯಾವತ್ತೂ ಏನನ್ನೂ ಮುಚ್ಚಿಟ್ಟವಳಲ್ಲ. ಎಲ್ಲ ಹೇಳಿದೆ. ನನ್ನ ತಂಗಿಯನ್ನು ನೀವು ಬಲ್ಲಿರಿ. ಬಾಯಿ ಜೋರು, ಮೈ ದಪ್ಪ, ಹೊಂಗೆಮರದ ನೆರಳಿನಂಥ ಮನಸ್ಸು. ತಮಿಳರ ಬೀದಿಯಲ್ಲಿ ಬಾಳಿ ಬೈಗುಳಕ್ಕೆ ಎರಡು ಭಾಷೆ ಮಾಡಿಕೊಂಡಿದ್ದಾಳೆ. ಎರಡರಲ್ಲೂ ನನ್ನನ್ನು ಬೈದಳು. ಆಮೇಲೆ ತಣ್ಣೀರಿನ ಬಟ್ಟೆ ಸುತ್ತಿ, ಸ್ವಲ್ಪ ಹೊತ್ತು ಯೋಚಿಸಿ, ತನ್ನ ಎಡಗೈ ಮುಂದೆ ಚಾಚಿದಳು.

‘ಕೊಡಿಲ್ಲಿ. ನೀನಿಲ್ಲಿರೋವರ್ಗೂ ನಾನು ಕಟ್ಕೋತೀನಿ. ನಿನ್ ಕೈಗೆ ಒಂಚೂರು ಗಾಳಿಯಾಡ್ಲಿ.’

‘ಅದು ನನ್ ನಾಡಿ ತೋರಿಸ್ಬೇಕಲ್ಲೇ.’

‘ಇಬ್ರೂ ಒಂದೇ ಹೊಟ್ಟೇಲಿ ಹುಟ್ಟಿದೋರು. ನಾಡಿ ಬೇರೆ ಬೇರೆ ಇರುತ್ತಾ?’

ನಗಬೇಡಿ. ನಮಗೆ ಅದು ಸರಿ ಎನಿಸಿತು. ಚಿಕ್ಕವರಿದ್ದಾಗ ನಮ್ಮಿಬ್ಬರಿಗೂ ಸೇರಿ ಇದ್ದದ್ದು ಒಂದೇ ಜೊತೆ ಬೆಳ್ಳಿ ಕಾಲ್ಗೆಜ್ಜೆ. ಒಂದು ಮದುವೆಗೆ ಅವಳು, ಇನ್ನೊಂದಕ್ಕೆ ನಾನು. ಹಾಕಿಕೊಳ್ಳದವಳ ಕಾಲನ್ನು ಯಾರೂ ನೋಡುತ್ತಿರಲಿಲ್ಲ. ವಾಚು ಅವಳ ದಪ್ಪ ಕೈಗೆ ಕೊನೆಯ ತೂತಿನಲ್ಲಿ ಕೂತಿತು. ಅವಳು ಮನೆಯಲ್ಲೇ ಇದ್ದಳು, ಚಾಪೆಯ ಮೇಲೆ ಒರಗಿದ್ದಳು, ಏನೂ ಆಗಲಿಲ್ಲ. ಸಂಜೆ ಬಿಚ್ಚಿ ಕೊಟ್ಟಳು. ಉಪಾಯ ಫಲಿಸಿತು ಎಂದುಕೊಂಡೆವು.

ಮುಂದಿನ ಶುಕ್ರವಾರ ಊಟವಾದ ಮೇಲೆ ಮತ್ತೆ ವಾಚು ಅವಳ ಕೈಗೇರಿತು. ವಾರವೆಲ್ಲ ಉರಿಯಿಂದ ನನಗೆ ಸರಿಯಾದ ನಿದ್ದೆ ಇರಲಿಲ್ಲ. ಫ್ಯಾನಿನ ಕೆಳಗೆ ಬರಿಗೈ ಚಾಚಿ ಮಲಗಿದ್ದೇ ತಡ, ಕಣ್ಣು ಹತ್ತಿತು. ಫೋನು ಬ್ಯಾಗಿನ ತಳದಲ್ಲಿ, ಮೆಟ್ರೊದಲ್ಲಿ ಯಾವುದೋ ಗುಂಡಿ ಒತ್ತಿಹೋಗಿ ಅದರ ಸದ್ದು ನಿಂತುಹೋಗಿತ್ತು. ತಂಗಿ ತಾರಸಿಗೆ ಹೋದಳು. ಅಲ್ಲಿ ಸಂಡಿಗೆ ಹಾಕಿದ್ದಳು. ಪಾರಿವಾಳಗಳು ಮುತ್ತಿದ್ದವು. ಅವನ್ನು ಓಡಿಸುತ್ತಿರುವಾಗ, ಪಕ್ಕದ ತಾರಸಿಯಾಕೆ ಪಾರಿವಾಳಗಳಿಗೆ ಜೋಳ ಚೆಲ್ಲುತ್ತಿರುವುದು ಇವಳ ಕಣ್ಣಿಗೆ ಬಿತ್ತು. ಜಗಳ ಶುರುವಾಯಿತು. ಎರಡು ಭಾಷೆಯಲ್ಲಿ.

ಇತ್ತ ಸಿ.ವಿ. ರಾಮನ್ ನಗರದ ಆಫೀಸಿನಲ್ಲಿ ನಿಮ್ಮ ದೊಡ್ಡಕ್ಕನ ಫೋನು ಬಡಿದುಕೊಳ್ಳತೊಡಗಿತಂತೆ. ಅಜ್ಜಿಯ ಎದೆಬಡಿತ ಏರುತ್ತಿದೆ, ಇಳಿಯುತ್ತಿಲ್ಲ. ನನಗೆ ಫೋನು ಮಾಡಿದಳು, ಎತ್ತಲಿಲ್ಲ. ಚಿಕ್ಕಜ್ಜಿಗೆ ಮಾಡಿದಳು, ಅವಳ ಫೋನು ಅಡುಗೆಮನೆಯಲ್ಲಿ. ಗೆಳೆಯನೊಬ್ಬನ ಬೈಕಿನ ಹಿಂದೆ ಕೂತು, ಇಂದಿರಾನಗರದ ನೂರಡಿ ರಸ್ತೆಯಲ್ಲಿ ಸಿಗ್ನಲಿಗೊಮ್ಮೆ ದೇವರನ್ನು ಕೂಗುತ್ತ ಹಲಸೂರಿಗೆ ಬಂದಳು. ಬಾಗಿಲು ಬರೀ ಮುಂದೆ ಮಾಡಿತ್ತು. ತಳ್ಳಿದರೆ ನಾನು ನೆಲದ ಮೇಲೆ ಅಲುಗಾಡದೆ ಬಿದ್ದುಕೊಂಡಿದ್ದೇನೆ.

‘ಅಜ್ಜೀ!’

ಆ ಕೂಗಿಗೆ ನಾನು ಎದ್ದು ಕೂತೆ. ನನ್ನ ಎರಡೂ ಕೆನ್ನೆ ಹಿಡಿದುಕೊಂಡಿದ್ದಳು. ಅವಳ ಕೈ ಮಂಜುಗಡ್ಡೆಯ ಹಾಗಿತ್ತು.

‘ಏನಾಯ್ತೆ? ಯಾರಿಗೇನಾಯ್ತು?’ ಎಂದೆ ನಾನು.

ಅವಳು ಉತ್ತರ ಕೊಡುವ ಮೊದಲೇ ಮೆಟ್ಟಿಲ ಮೇಲಿಂದ ದಡದಡನೆ ತಂಗಿ ಇಳಿದು ಬಂದಳು. ಮುಖ ಕೆಂಪಾಗಿತ್ತು, ಒಂದು ಕೈಯಲ್ಲಿ ಪಾರಿವಾಳ ಓಡಿಸುವ ಕೋಲು, ಇನ್ನೊಂದು ಕೈಯಲ್ಲಿ ವಾಚು ಗುರ್ ಗುರ್ ಎನ್ನುತ್ತಿತ್ತು.

‘ನೋಡೇ ಅಕ್ಕ, ಇದೂ ನನ್ ಮೇಲೆ ಗುರ್ ಅಂತಿದೆ’ ಎಂದವಳು ಮೊಮ್ಮಗಳನ್ನು ನೋಡಿ ಅಲ್ಲೇ ನಿಂತಳು.

ನಿಮ್ಮ ದೊಡ್ಡಕ್ಕ ವಾಚನ್ನು ನೋಡಿದಳು, ಚಿಕ್ಕಜ್ಜಿಯನ್ನು ನೋಡಿದಳು. ಮೊದಲು ನಗಲು ಶುರುಮಾಡಿದಳು. ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ಚಿಕ್ಕಜ್ಜಿ, ಅದು ನಿಂದಾ? ಆ ಬೀಟು ನಿಂದಾ?’ ಎಂದು ಕೇಳಿ ಕೇಳಿ ನಕ್ಕಳು. ಅದೇ ನಗುವಿನಲ್ಲಿ ನನ್ನ ಕೈ ಹಿಡಿದು ಎಳೆದುಕೊಂಡವಳಿಗೆ ಆ ಗಾಯ ಕಂಡಿತು.

ನಗು ನಿಂತಿತು.

‘ಎಷ್ಟು ದಿನದಿಂದ?’

ನಾನು ತಲೆ ತಗ್ಗಿಸಿದೆ. ತಂಗಿ ಹೇಳಿದಳು, ‘ತಿಂಗಳಾಗ್ತಾ ಬಂತು ಕಣೆ. ನಿಂಗೆ ಬೇಜಾರಾಗುತ್ತೆ ಅಂತ ಸೆರಗಲ್ಲಿ ಮುಚ್ಕೊಂಡು ತಿರುಗ್ತಿದ್ಳು.’

‘ನನಗೊಂದು ಮಾತು ಹೇಳಕ್ಕೇನಾಗಿತ್ತು ಅಜ್ಜಿ?’

‘ಹೇಳಿದ್ರೆ ಶುಕ್ರವಾರ ಹೋಗ್ತಿತ್ತಲ್ಲ’ ಎಂದೆ.

ಅವಳ ಕಣ್ಣೀರು ನನ್ನ ಗಾಯದ ಮೇಲೆ ಬಿತ್ತು. ಚುರ್ ಎಂದಿತು. ನಾನು ಕೈ ಎಳೆದುಕೊಳ್ಳಲಿಲ್ಲ.

ಅವತ್ತೇ ಇಂದಿರಾನಗರದ ಒಂದು ಚರ್ಮದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ತಂಗಿಯೂ ಹೊರಟಳು, ಬೇಡವೆಂದರೆ ಕೇಳುವವಳಲ್ಲ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಕನ್ನಡಕ ಏರಿಸಿ ಕೈಯನ್ನು ದೀಪದ ಕೆಳಗಿಟ್ಟು ನೋಡಿದರು. ವಾಚು ಬಿಗಿಯಾದದ್ದರಿಂದ ಬೆವರೂ ಸೋಪೂ ಅದರ ಕೆಳಗೇ ನಿಂತು ಚರ್ಮ ಬೆಂದಿದೆ, ಎಣ್ಣೆ ಹಚ್ಚಿ ಮೇಲೆ ಮುಚ್ಚಿದ್ದರಿಂದ ಇನ್ನೂ ಕೆಟ್ಟಿದೆ, ವಯಸ್ಸಾದವರ ಚರ್ಮ ತೆಳು ಎಂದರು. ಮುಲಾಮು ಬರೆದುಕೊಟ್ಟು, ಪೂರ್ತಿ ಮಾಯುವವರೆಗೆ ವಾಚು ಮುಟ್ಟಬಾರದು ಎಂದರು.

‘ಮಾಯ್ದ ಮೇಲೆ ಕಟ್ಕೋಬಹುದಾ ಡಾಕ್ಟ್ರೆ?’ ಎಂದು ನಾನು ಮೆಲ್ಲಗೆ ಕೇಳಿದೆ.

‘ಸಡಿಲವಾಗಿ ಕಟ್ಕೊಳ್ಳಿ. ಕೈ ಒಣಗಿರಬೇಕು. ಮನೆಗೆ ಬಂದ ಕೂಡ್ಲೇ ಬಿಚ್ಚಿಡ್ಬೇಕು. ಮತ್ತೆ ಕೆಂಪಾದ್ರೆ ಬೇಡವೇ ಬೇಡ. ಚರ್ಮಕ್ಕೂ ಗಾಳಿ ಬೇಕಲ್ವಾ ಅಜ್ಜಿ?’

ತಂಗಿಯ ಬಡಿತ ಅಷ್ಟು ಏರಿದ್ದಕ್ಕೆ ಹೆದರಿ ನಿಮ್ಮ ದೊಡ್ಡಕ್ಕ ಅವಳನ್ನೂ ಬೇರೆ ಡಾಕ್ಟರಿಗೆ ತೋರಿಸಿದಳು, ಅದು ಆಮೇಲಿನ ಮಾತು. ಎಲ್ಲ ಪರೀಕ್ಷೆ ಮಾಡಿ ಏನೂ ಇಲ್ಲ ಎಂದರಂತೆ. ‘ಏನೂ ಇಲ್ಲ, ಬರೀ ಕೋಪ’ ಎಂದು ಅವಳೇ ಎಲ್ಲರಿಗೂ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಾಳೆ.

ಮನೆಗೆ ಬಂದಾಗ ನನ್ನ ಮಗ ಜಗಲಿಯಲ್ಲೇ ಕಾಯುತ್ತಿದ್ದ. ಸುದ್ದಿ ತಲುಪಿತ್ತು. ಬಿಳಿ ಪಟ್ಟಿ ಸುತ್ತಿದ ಕೈ ನೋಡಿ, ‘ಸಾಕಮ್ಮ ಇದೆಲ್ಲ. ಇನ್ಮೇಲೆ ಕಾರೇ’ ಎಂದ. ನಿಮ್ಮ ದೊಡ್ಡಕ್ಕ ‘ಅಪ್ಪಾ’ ಎಂದು ಬಾಯಿ ತೆರೆದಳು. ಸೊಸೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಎಲ್ಲರೂ ನನ್ನ ಪರವಾಗಿ ಏನೋ ಹೇಳಲಿದ್ದರು.

ಏನಾಯಿತೋ, ನಾನೇ ಮಾತಾಡಿದೆ.

‘ಶುಕ್ರವಾರ ನಾನು ಮೆಟ್ರೊದಲ್ಲೇ ಹೋಗ್ತೀನಿ ಕಣಪ್ಪ. ವಾಚಿದ್ರೂ ಹೋಗ್ತೀನಿ, ಇಲ್ದಿದ್ರೂ ಹೋಗ್ತೀನಿ. ತಿಂಡಿ ತಿಂದು ಹೋಗ್ತೀನಿ. ಹತ್ತೋವಾಗ ಒಂದ್ಸಲ, ಇಳಿಯೋವಾಗ ಒಂದ್ಸಲ ಫೋನ್ ಮಾಡ್ತೀನಿ. ನನ್ನ ತಂಗಿ ಮನೇಲಿ ನಾನು ಕೂತ್ಕೋಬೇಕು. ಯಾರೂ ಎಬ್ಬಿಸ್ಬಾರ್ದು.’

ನನ್ನ ಮಗನಿಗೆ ನಾನು ಒಟ್ಟಿಗೆ ಅಷ್ಟು ಮಾತು ಹೇಳಿದ್ದು ಅವನು ಹುಟ್ಟಿದ ಮೇಲೆ ಅದೇ ಮೊದಲಿರಬೇಕು. ಅವನು ನನ್ನನ್ನೇ ನೋಡಿದ. ಅವರಪ್ಪನ ಹಾಗೆ ಕಾಲು ಆಡಿಸುತ್ತ ಸ್ವಲ್ಪ ಹೊತ್ತು ಕೂತ.

‘ಫೋನ್ ಬ್ಯಾಗಿನ ತಳದಲ್ಲಿ ಹಾಕ್ಬೇಡ ಮತ್ತೆ’ ಎಂದ. ‘ಸೊಂಟಕ್ಕೆ ಸಿಗಿಸ್ಕೋ.’

ಸೊಸೆ ಹಳೆಯ ರವಿಕೆ ಬಟ್ಟೆಯಲ್ಲಿ ಸಣ್ಣ ಚೀಲ ಹೊಲಿದು ಕೊಟ್ಟಳು. ಅದೇ ಈಗ ನನ್ನ ಸೊಂಟದಲ್ಲಿರುವುದು. ನಿಮ್ಮ ದೊಡ್ಡಕ್ಕ ಗಾಯ ಮಾಯುವವರೆಗೂ ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು, ಸಂಜೆ ಬಂದ ಮೇಲೆ ತಾನೇ ಮುಲಾಮು ಹಚ್ಚಿದಳು. ಹಚ್ಚುವಾಗ ನಾಲಗೆಯ ತುದಿ ಕಚ್ಚಿಕೊಳ್ಳುತ್ತಿದ್ದಳು. ನನ್ನ ಮುಂಗೈ ಮೇಲೆ ಒಂದು ಹಸಿರು ಹಚ್ಚೆ ಇದೆಯಲ್ಲ, ಮದುವೆಗೆ ಮೊದಲು ನನ್ನಜ್ಜಿ ಹಟ ಹಿಡಿದು ಚುಚ್ಚಿಸಿದ್ದು, ಅದರ ಮೇಲೆ ಬೆರಳಾಡಿಸಿ ‘ಇದೂ ಹಿಂಗೇ ಉರಿದಿತ್ತಾ ಅಜ್ಜಿ?’ ಎಂದು ಒಮ್ಮೆ ಕೇಳಿದಳು. ಉರಿದಿತ್ತು. ಅದನ್ನು ಚುಚ್ಚುವಾಗಲೂ ನಾನು ಅತ್ತಿರಲಿಲ್ಲ ಎಂದು ಹೇಳಿದೆ. ‘ಅಳ್ಬೇಕಿತ್ತು’ ಎಂದಳು ಅವಳು, ‘ಇನ್ಮೇಲಾದ್ರೂ ಅಳು.’

ಗಾಯ ಮಾಯಿತು, ಕಲೆ ಉಳಿಯಿತು. ವಾಚು ಈಗ ಬಲಗೈಗೆ ಬಂದಿದೆ, ರಬ್ಬರಿನ ಬದಲು ಬಟ್ಟೆಯ ಪಟ್ಟಿ. ಕೆ.ಆರ್. ಪುರದ ಮೆಟ್ರೊ ಮೆಟ್ಟಿಲ ಹತ್ತಿರ ಕಟ್ಟಿಕೊಳ್ಳುತ್ತೇನೆ, ಒಂದು ಬೆರಳು ತೂರುತ್ತದೆಯೇ ಎಂದು ನೋಡುತ್ತೇನೆ, ಮನೆಗೆ ಬಂದ ಕೂಡಲೇ ಬಿಚ್ಚಿ ದೇವರ ಗೂಡಿನಲ್ಲಿ ಇಡುತ್ತೇನೆ. ಬಳೆಯಲ್ಲ ಅದು ಎಂದು ಮನಸ್ಸಿಗೆ ಹೇಳಿಕೊಳ್ಳಲು ಸ್ವಲ್ಪ ಕಾಲ ಬೇಕಾಯಿತು. ಸೊಸೆ ತಂದಿಟ್ಟಿದ್ದ ಆ ತೆಳು ಚಿನ್ನದ ಬಳೆ ಈಗ ಎಡಗೈಯಲ್ಲಿದೆ, ನೀವು ಗಮನಿಸಿರಬಹುದು. ಕೈ ಇನ್ನು ಬರಿದಾಗಿರುವುದು ಬೇಡ ಎನಿಸಿತು, ಕೇಳಿ ಹಾಕಿಸಿಕೊಂಡೆ. ಜಾರಿ ಮೊಣಕೈವರೆಗೆ ಹೋಗುತ್ತದೆ. ಹೋಗಲಿ.

ಕಳೆದ ಶುಕ್ರವಾರ ಅವರೆ ಹಿತುಕುತ್ತ ಕೂತಿದ್ದಾಗ ತಂಗಿ ನನ್ನ ಕೈಯನ್ನೇ ನೋಡುತ್ತಿದ್ದಳು.

‘ಅಕ್ಕ, ಒಂದ್ ಗಳಿಗೆ ಕೊಡೇ. ನನ್ ಕೈಗೆ ಚೆನ್ನಾಗಿ ಕಾಣ್ತಿತ್ತು ಅದು.’

‘ಬೇಡ ಕಣೆ, ಬೈತಾಳೆ.’

‘ಅವಳಿಗೆಲ್ಲಿ ಗೊತ್ತಾಗುತ್ತೆ? ಸುಮ್ನೆ ಕೂತಿರ್ತೀನಿ. ಯಾರ್ ಜೊತೇನೂ ಜಗಳ ಆಡಲ್ಲ.’

ಬಿಚ್ಚಿ ಕೊಟ್ಟೆ. ಕಟ್ಟಿಕೊಂಡಳು, ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ನಾಲ್ಕು ಅವರೆಕಾಳು ಹಿತುಕುವಷ್ಟರಲ್ಲಿ ನನ್ನ ಸೊಂಟದ ಚೀಲದಲ್ಲಿ ಫೋನು ಕೂಗಿತು. ನಾನು ಹಲೋ ಎನ್ನುವ ಮೊದಲೇ ಆ ಕಡೆಯಿಂದ ನಿಮ್ಮ ದೊಡ್ಡಕ್ಕನ ದನಿ.

‘ಚಿಕ್ಕಜ್ಜೀ, ಬಿಚ್ಚು!’